ಗೋಡೆಗೆ ಮುಖ ಮಾಡಿದ ಬೆಂಚು

ನಾನು ಬರೆದ ಅರ್ಜಿ ಒಂದೇ ಒಂದು ಸಲವೂ ತಿರಸ್ಕಾರವಾಗಿ ವಾಪಸು ಬಂದದ್ದಿಲ್ಲ. ನಗರಸಭೆಯ ಅನುದಾನ ವಿಭಾಗದಲ್ಲಿ ಮೂವತ್ತೊಂದು ವರ್ಷದಿಂದ ಕೂತಿದ್ದೇನೆ. ಈ ಊರಿನ ರಸ್ತೆಬದಿಯ ಒಂದೊಂದು ಮರವೂ ನನ್ನ ಪೆನ್ನಿನ ಶಾಯಿ ಕುಡಿದು ಬೆಳೆದದ್ದು. ಮಳೆನೀರಿನ ಇಂಗುಗುಂಡಿಯಾಗಲಿ, ಸೌರದೀಪವಾಗಲಿ, ನನ್ನ ಒಂದು ಪುಟ ಸಾಕು, ಸರ್ಕಾರ ಬೆಣ್ಣೆಯಂತೆ ಕರಗುತ್ತದೆ. ಒಬ್ಬ ಕಾರ್ಯದರ್ಶಿಯಂತೂ ನನ್ನ ಅರ್ಜಿ ಓದಿ ಕಣ್ಣೊರೆಸಿಕೊಂಡು, ಕೇಳಿದ್ದಕ್ಕಿಂತ ಎರಡು ದೀಪ ಹೆಚ್ಚಿಗೇ ಕೊಟ್ಟರು. ನನ್ನ ಹೆಂಡತಿ ಮಾತ್ರ ನಂಬಲಿಲ್ಲ.

"ಬುರುಡೆರಾಯರೇ, ಅವ್ರಿಗೆ ನೆಗಡಿ ಆಗಿತ್ತೇನೋ," ಎಂದಳು.

ಅವಳಿಗೆ ಎದೆಯ ಕಾಯಿಲೆ. ಆಸ್ಪತ್ರೆಯಿಂದ ನಮ್ಮ ಮನೆಗೆ ಏರುರಸ್ತೆ. ಏರೆಂದರೆ ಎಂಥ ಏರು! ಮೋಡಗಳು ಕೂಡ ಅರ್ಧದಲ್ಲಿ ನಿಂತು ದಣಿವಾರಿಸಿಕೊಂಡು ಮುಂದೆ ಹೋಗುತ್ತವೆ. ಅದೇ ಅರ್ಧದಲ್ಲಿ, ಇಸ್ತ್ರಿ ಅಂಗಡಿಯ ಎದುರಿಗಿರುವ ಹಳೆಯ ಗೋದಾಮಿನ ಗೋಡೆಗೆ ಕೈಯಿಟ್ಟು, ರಸ್ತೆಗೆ ಬೆನ್ನು ತಿರುಗಿಸಿ ಅವಳು ನಿಲ್ಲುತ್ತಿದ್ದಳು. ನಾನು ಅವಳ ಹಿಂದೆ ಪರದೆಯ ಹಾಗೆ ನಿಲ್ಲಬೇಕು.

"ಸರಿಯಾಗಿ ಅಡ್ಡ ನಿಲ್ರೀ. ಮೀನಿನ ಥರ ಬಾಯಿ ಬಿಡ್ತಿದೀನಿ, ಜನ ನೋಡ್ತಾರೆ."

ಗೋಡೆಯ ಸುಣ್ಣ ಒಂದು ಕಡೆ ಒಂಟೆಯ ಆಕಾರದಲ್ಲಿ ಕಿತ್ತುಹೋಗಿತ್ತು. ಅದರ ಬಾಯಿಯೂ ತೆರೆದೇ ಇತ್ತು. "ಇದಕ್ಕೂ ನನ್ನ ಹಾಗೇ ಏದುಸಿರು ನೋಡಿ," ಎನ್ನುತ್ತಿದ್ದಳು. ಒಂದು ದಿನ ಹೇಳಿದಳು: "ಊರಿಗೆಲ್ಲ ಬರೀತೀರಲ್ಲ, ಇಲ್ಲೊಂದು ಬೆಂಚು ಹಾಕಿಸ್ಬಾರ್ದಾ? ಗೋಡೆ ಕಡೆ ಮುಖ ಇರ್ಲಿ ಆಯ್ತಾ."

ಆ ವರ್ಷವೇ ಸರ್ಕಾರದ ಹೊಸ ಯೋಜನೆ ಬಂತು. ಜನ ವಾಹನ ಬಿಟ್ಟು ನಡೆಯಲೆಂದು ಬೀದಿಗಳಿಗೆ ನೆರಳು, ಬೆಂಚು, ಮರ. ಏರುರಸ್ತೆಯ ಅರ್ಧದಲ್ಲಿ ಒಂದು ಬೆಂಚು, ಅದನ್ನು ಜನ ಬಳಸಿದರೆ ಎರಡನೆಯ ಹಂತದಲ್ಲಿ ತುದಿಯವರೆಗೂ ಮರ ಮತ್ತು ಬೆಂಚುಗಳು ಎಂದು ಬರೆದೆ. ದಿನಕ್ಕೆ ಇನ್ನೂರು ಮಂದಿ ಕೂರುತ್ತಾರೆಂದೂ ಬರೆದೆ. ನಕ್ಷೆಯಲ್ಲಿ ಬೆಂಚಿನ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದೆ. ಇಂಜಿನಿಯರು ನಕ್ಕರು. ಇದು ಈಗಿನ ವಿಜ್ಞಾನ ಸ್ವಾಮಿ, ಕಣ್ಣಿಗೆ ಹೊಗೆ ತಾಗಬಾರದು ಎಂದು ಅವರ ಬಾಯಿ ಮುಚ್ಚಿಸಿದೆ.

ಮಂಜೂರಾತಿ ಹತ್ತೊಂಬತ್ತನೆಯ ತಿಂಗಳಿಗೆ ಬಂತು. ಅವಳು ಹನ್ನೊಂದನೆಯ ತಿಂಗಳಿಗೇ ಹೊರಟುಹೋಗಿದ್ದಳು.

ಬೆಂಚು ಬಂದ ದಿನದಿಂದ ಆಫೀಸು ಬಿಟ್ಟ ಮೇಲೆ ನಾನು ಅಲ್ಲಿ ಕೂರುತ್ತೇನೆ, ಬಲಗಡೆಗೆ. ಮನೆಯಲ್ಲಿ ಬೀಗ ಬಿಟ್ಟರೆ ನನ್ನ ದಾರಿ ಕಾಯುವವರು ಯಾರೂ ಇಲ್ಲ. ಬೆಂಚಿನ ಬಳಕೆಯ ಫೋಟೋ ಸರ್ಕಾರಕ್ಕೆ ತಿಂಗಳಿಗೊಂದು ಕಳಿಸಬೇಕಾಗಿತ್ತು. ಇಸ್ತ್ರಿಯವನು ತನ್ನ ಅಂಗಡಿಯಿಂದಲೇ ತೆಗೆದುಕೊಡುತ್ತಿದ್ದ.

ಬೆಂಚು ಬಂದ ಎಂಟನೆಯ ತಿಂಗಳು ತಪಾಸಣೆಯ ಅಧಿಕಾರಿಣಿ ಬಂದರು. ಕೈಚೀಲ, ನೀರಿನ ಬಾಟಲಿ, ಕಾಗದ ಸಿಕ್ಕಿಸಿದ ಒಂದು ಹಲಗೆ, ಅಷ್ಟೆ. ಎರಡು ಗಂಟೆಯಲ್ಲಿ ಇಪ್ಪತ್ತು ಜನ ಕೂರದಿದ್ದರೆ ಎರಡನೆಯ ಹಂತ ರದ್ದು, ಇದು ನಿಯಮ. ಇಸ್ತ್ರಿಯವನ ಸ್ಟೂಲಿನ ಮೇಲೆ ನಾಲ್ಕರಿಂದ ಆರರವರೆಗೆ ಕೂತು ಎಣಿಸಿದರು. ಒಬ್ಬರೂ ಕೂರಲಿಲ್ಲ. ಏರು ಹತ್ತಿ ಬಂದವರು ಬೆಂಚಿನ ಬೆನ್ನು ಹಿಡಿದು, ನಿಂತೇ ಉಸಿರೆಳೆದುಕೊಂಡು, ಮುಂದೆ ಹೋದರು.

"ಸರ್, ಎಂಟು ಫೋಟೋದಲ್ಲೂ ಒಂದೇ ಬೆನ್ನಿದೆ. ಅಂಗೀನೂ ಒಂದೇ."

"ಊರಲ್ಲಿ ಈಗ ಅದೇ ಫ್ಯಾಷನ್ ಮೇಡಂ."

ಆಕೆ ನಕ್ಕರು. ಆಮೇಲೆ ಕೇಳಿದರು: "ಎಡಗಡೆ ಯಾವಾಗ್ಲೂ ಖಾಲಿ ಯಾಕೆ?"

ಮಂತ್ರಿಗಳನ್ನೇ ಮಾತಿನಲ್ಲಿ ಮುಳುಗಿಸಿದವನು ನಾನು. ಅವತ್ತು ಹೋಗಿ ಬೆಂಚಿನ ಎಡಗಡೆಯ ಧೂಳು ಒರೆಸಿ ಬಂದೆ.

ಆಕೆ ಒತ್ತಾಯಿಸಲಿಲ್ಲ. "ಬೆಂಚು ಬೇಡ ಅನ್ನೋರು ಯಾರೂ ಇಲ್ಲ ಸರ್, ಹಿಡ್ಕೊಂಡು ನಿಲ್ತಾರಲ್ಲ. ನಾಲ್ಕು ಬೋಲ್ಟು. ರಸ್ತೆ ಕಡೆ ತಿರುಗಿಸಿ, ಹದಿನೈದು ದಿನ ಬಿಟ್ಟು ಮತ್ತೆ ಎಣಿಸ್ತೀನಿ. ನಕ್ಷೆ ನಿಮ್ದು, ತಿದ್ದುಪಡಿಗೂ ನಿಮ್ಮ ಸಹಿನೇ ಬೇಕು."

"ನಾಳೆ ಹೇಳ್ತೀನಿ," ಎಂದೆ.

ಆಕೆ ಹೋದ ಮೇಲೆ ನನ್ನ ಜಾಗದಲ್ಲಿ ಕೂತೆ. ಎದುರಿಗೆ ಒಂಟೆ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಏದುಸಿರು ಕೇಳಿಸಿತು. ಅಂಥ ಉಸಿರನ್ನು ನಾನು ಆರು ವರ್ಷ ಕೇಳಿದವನು. ತಿರುಗಲಿಕ್ಕೆ ಧೈರ್ಯ ಬರಲಿಲ್ಲ. ಕೊನೆಗೆ ತಿರುಗಿದೆ. ಔಷಧಿಯ ಕವರು ಹಿಡಿದ ಒಬ್ಬ ಹೆಂಗಸು, ಬೆಂಚಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

"ಕೂತ್ಕೊಳ್ಳಮ್ಮ," ಎಂದು ಎಡಗಡೆ ತೋರಿಸಿದೆ. ಯಾರಿಗೂ ತೋರಿಸಿದ್ದಿಲ್ಲ.

"ಬೇಡ ಅಣ್ಣ. ಆಸ್ಪತ್ರೇಲಿ ಬೆಳಗ್ಗಿಂದ ಗೋಡೆ ನೋಡಿದ್ದೇ ಆಯ್ತು." ಮತ್ತೆ ಉಸಿರೆಳೆದುಕೊಂಡಳು. "ಮೇಲೆ ಇನ್ನೂ ಅಷ್ಟೇ ಇದೆ ಅಲ್ವಾ?"

"ಅಷ್ಟೇ ಇದೆ."

"ಅಲ್ಲಿ ಹಿಡ್ಕೊಳ್ಳೋಕೆ ಇದೂ ಇಲ್ಲ," ಎಂದು ಹೊರಟಳು. ಅವಳು ತಿರುವಿನಲ್ಲಿ ಎರಡು ಸಲ ನಿಂತದ್ದನ್ನು ನೋಡಿದೆ.

ಬೆಳಗ್ಗೆ ಸಹಿ ಹಾಕಿದೆ. ಒಂದು ಸಾಲಿನ ತಿದ್ದುಪಡಿ. ನನ್ನ ಜನ್ಮದಲ್ಲಿ ಅಷ್ಟು ಚಿಕ್ಕದನ್ನು ಬರೆದಿರಲಿಲ್ಲ. ಗಾರೆಯವನು ಬಂದು ಅರ್ಧ ಗಂಟೆಯಲ್ಲಿ ಬೆಂಚನ್ನು ತಿರುಗಿಸಿಟ್ಟ.

ಎರಡನೆಯ ಎಣಿಕೆಯಲ್ಲಿ ಮೂವತ್ತೆಂಟು ಜನ ಕೂತರು. ನಾನಾಗಿದ್ದರೆ ಮುನ್ನೂರೆಂಬತ್ತು ಎನ್ನುತ್ತಿದ್ದೆ, ಆದರೆ ಹಲಗೆ ಆಕೆಯ ಕೈಯಲ್ಲಿತ್ತು. ಮೇಲಿನ ಅರ್ಧಕ್ಕೆ ಮಂಜೂರಾಯಿತು. ಗಿಡಗಳ ಗುಂಡಿ ತೋಡುತ್ತಿದ್ದಾರೆ.

ಈಗ ಸಂಜೆ ನನಗೆ ಅಲ್ಲಿ ಜಾಗವೇ ಸಿಗುವುದಿಲ್ಲ. ನಿನ್ನೆ ಆ ಔಷಧಿ ಕವರಿನ ಹೆಂಗಸು ಎಡಗಡೆಗೆ ಕೂತು, ಬಾಯಿ ಬಿಟ್ಟು ಉಸಿರೆಳೆದುಕೊಳ್ಳುತ್ತ, ಹೋಗಿ ಬರುವವರನ್ನೆಲ್ಲ ಆರಾಮಾಗಿ ನೋಡುತ್ತಿದ್ದಳು. ಅವಳನ್ನು ಯಾರೂ ನೋಡುತ್ತಿರಲಿಲ್ಲ. "ಬನ್ನಿ ಅಣ್ಣ, ಒತ್ತಿಕೊಂಡು ಕೂರೋಣ," ಎಂದಳು. ಕೂತು ಕೂತು ಸಾಕಾಗಿದೆಯಮ್ಮ ಎಂದು, ಬೆಂಚಿಗೂ ಗೋಡೆಗೂ ನಡುವಿನ ಒಂದೂವರೆ ಅಡಿಯಲ್ಲಿ ಹೋಗಿ ನಿಂತೆ.

ಇಸ್ತ್ರಿಯವನು ಕೂಗಿ ಕೇಳಿದ: "ಸಾರ್, ಆ ಸಂದೀಲಿ ಏನ್ ಮಾಡ್ತಿದೀರಿ?"

"ಒಂಟೆ ಕಾಯ್ತಿದೀನಪ್ಪ."

"ಶುರುವಾಯ್ತು ಸಾರ್ ನಿಮ್ಮ ಬುರುಡೆ," ಎಂದು ಅವನು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡ.

ಗೋಡೆಗೆ ಕೈಯಿಟ್ಟೆ. ಬಿಸಿಲಿಗೆ ಇನ್ನೂ ಬೆಚ್ಚಗಿತ್ತು. ಒಂಟೆಯ ಬಾಯಿ ತೆರೆದೇ ಇತ್ತು.