ಕೂಗಿದವರಿಗೇ ಹೌಸ್

ನಮ್ಮ ಕ್ಲಬ್ಬಿನಲ್ಲಿ ಸಿರಿಲ್ ಬಿಂಗೊ ನಂಬರು ಕೂಗುತ್ತಿದ್ದರೆ ಬಾರಿನಲ್ಲಿ ಗ್ಲಾಸು ತೊಳೆಯುವ ನನಗೂ ಒಂದು ನಂಬರು ತಪ್ಪುತ್ತಿರಲಿಲ್ಲ. ಅಂಥ ಗಂಟಲು ಆ ಬೇಸಿಗೆಯಲ್ಲಿ ಕಟ್ಟಿಹೋಯಿತು. ಮೈಕು ನಾರ್ಮನ್ ಕೈಗೆ ಬಂತು. ಬಂದದ್ದೇ ತಡ, ಅವನು ಹೊಸ ಕೋಟು ತೆಗೆದುಕೊಂಡ.

ಮೊದಲಾಗಿದ್ದರೆ ಡಾಕ್ಟರ್ ಪೆಂಬರ್ಟನ್ ಆಸ್ಪತ್ರೆಯ ಸರ್ಜನ್‌ಗೆ ತಾವೇ ಫೋನು ಮಾಡುತ್ತಿದ್ದರು. ಈಗ ಅವರ ಮೇಜಿಗೆ ಕಂಪ್ಯೂಟರ್ ಬಂದಿತ್ತು. "ಕೂಗಿ ಕೂಗಿ ಕಟ್ಟಿದೆ, ಅಷ್ಟೆ" ಎಂದು ಗುಂಡಿ ಒತ್ತಿ, ಪಾಸ್‌ವರ್ಡ್ ಇದ್ದ ಚೀಟಿ ಕೊಟ್ಟರು. "ಸರ್ಜನ್ ಭೇಟಿಗೆ ಈ ನಂಬರಿಗೆ ನೀವೇ ಫೋನ್ ಮಾಡಿ. ಯಾವ ಆಸ್ಪತ್ರೆ, ಯಾವ ದಿನ, ಎಲ್ಲ ನಿಮ್ಮಿಷ್ಟ." ದನಿ ಹೋದವನಿಗೆ ಫೋನು ಮಾಡು ಎನ್ನುವ ಬುದ್ಧಿವಂತಿಕೆಗೆ ಏನು ಹೇಳೋಣ.

ಸಿರಿಲ್ ಮಾಡಿದ. "ಏನೂ ಕೇಳಿಸ್ತಿಲ್ಲ" ಎಂದು ಇಟ್ಟುಬಿಟ್ಟರು. ನಾನು ಮಾಡಿದರೆ, "ರೋಗಿನೇ ಮಾತಾಡ್ಬೇಕು ಮೇಡಂ, ಅವರಿಗೆ ಕೊಡಿ." ಕೊಟ್ಟೆ. ಬರೀ ಉಸಿರು. ಮತ್ತೆ ಇಟ್ಟರು. ಡಾಕ್ಟರ ಕ್ಲಿನಿಕ್ಕಿನ ಕೌಂಟರಿಗೆ ಹೋಗಿ ಜಗಳ ತೆಗೆದೆ. "ನಮ್ ಕಡೆಯಿಂದ ಹೋಗಿದೆ ಕಣಮ್ಮ, ಹಸಿರು ಬಂದಿದೆ ನೋಡು" ಎಂದು ಅಲ್ಲಿದ್ದವಳು ಪರದೆ ತಿರುಗಿಸಿದಳು. ಅವಳ ಹಸಿರಿಗೆ ಬೆಂಕಿ ಬೀಳ.

ಕೊನೆಗೆ ನಾರ್ಮನ್, "ಕೊಡಿ ಇತ್ಲಾಗೆ, ನಾನೇ ಸಿರಿಲ್ ಆಗ್ತೀನಿ" ಎಂದ. ಕ್ಲಬ್ಬೆಲ್ಲ ನಕ್ಕಿತು. ಫೋನು ಸ್ಪೀಕರಿಗೆ ಹಾಕಿದ.

"ಗಂಟಲು ಈಗ ಹೇಗಿದೆ ಸಾರ್?"

"ಪರವಾಗಿಲ್ಲ ಕಣಮ್ಮ, ಗೊಣಗೋ ಹಾಗೇನಿಲ್ಲ." ನಮ್ಮ ಜನ ಸಾಯುವಾಗಲೂ ಕೊಡುವ ಉತ್ತರ ಇದೇ.

"ಮ್ಯಾಂಚೆಸ್ಟರಲ್ಲಿ ಬರೋ ಸೋಮವಾರ ಒಂದು ಖಾಲಿ ಇದೆ. ನಿಮ್ಮೂರಲ್ಲೇ ಬೇಕಂದ್ರೆ ಕ್ರಿಸ್‌ಮಸ್ ಕಳೀಬೇಕು."

ಸಿರಿಲ್ ಅವನ ತೋಳು ಹಿಡಿದು ಜಗ್ಗಿದ. ಸೋಮವಾರ, ಸೋಮವಾರ ಎಂದು ತುಟಿ ಆಡಿಸಿದ. ನಾರ್ಮನ್ ಕೈ ಕೊಡವಿದ. ಕ್ರಿಸ್‌ಮಸ್ಸಿಗೆ ವರ್ಷದ ದೊಡ್ಡ ಆಟ, ಊರೆಲ್ಲ ಸೇರುತ್ತದೆ; ಅಲ್ಲಿಯವರೆಗೂ ಮೈಕು ಅವನದೇ.

"ಅಷ್ಟು ದೂರ ಯಾರು ಹೋಗ್ತಾರೆ? ಇಲ್ಲೇ ಆಗ್ಲಿ. ನಂಗೇನೂ ಅವಸರ ಇಲ್ಲ."

ನಾನು ಬಾರಿನಿಂದ ಈಚೆ ಬರುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಬೈದು ಮತ್ತೆ ಮಾಡಿಸಿದೆ. ಸೋಮವಾರ ಬೇರೆಯವರ ಪಾಲಾಗಿತ್ತು.

ಹೊಸ ವರ್ಷದಲ್ಲಿ ಸರ್ಜನ್ ನೋಡಿದ್ದು ಕ್ಯಾನ್ಸರನ್ನು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಬೇಸಿಗೆಯಲ್ಲೇ ಬಂದಿದ್ದರೆ ಉಳಿಸಬಹುದಿತ್ತಂತೆ.

ಈಸ್ಟರ್ ಹೊತ್ತಿಗೆ ಸಿರಿಲ್ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಕ್ಲಬ್ಬಿಗೆ ಬಂದ. ಮುಂದಿನ ಮೇಜಿನಲ್ಲಿ ಕೂತು ಆಡಿದ. ಅವನ ಟಿಕೆಟ್ಟು ಪೂರ್ತಿ ತುಂಬಿತು; ಮುಂದಿನ ನಂಬರು ಬರುವುದರೊಳಗೆ "ಹೌಸ್" ಎಂದು ಕೂಗಿದರೆ ಬಹುಮಾನ ಅವನದು. ಮೇಜು ಗುದ್ದಿದ, ಟಿಕೆಟ್ಟು ಎತ್ತಿ ಹಿಡಿದ. ನಾರ್ಮನ್ ನೋಡಿದ. ನಾನೇ "ಹೌಸ್" ಎಂದು ಕೂಗಿದೆ.

"ಟಿಕೆಟ್ ಇದ್ದವರೇ ಕೂಗ್ಬೇಕಮ್ಮ, ಬಾರಿನವರಲ್ಲ" ಎಂದ ನಾರ್ಮನ್, ಮೈಕಿನಲ್ಲೇ. "ಆ ರೂಲು ಮಾಡಿದ್ದು ಸಿರಿಲ್ಲೇ. ಬೇಕಾದ್ರೆ ಅವನನ್ನೇ ಕೇಳಿ."

ಜನ ನಕ್ಕರು. ಅವನು ಮುಂದಿನ ನಂಬರು ಕೂಗಿದ. ಹಿಂದಿನ ಮೇಜಿನಿಂದ ಯಾರೋ ಹೌಸ್ ಎಂದರು, ಎಲ್ಲರೂ ಚಪ್ಪಾಳೆ ತಟ್ಟಿದರು.

ಸಿರಿಲ್ ಕೂಡ ತಟ್ಟಿದ.