ವಾರ್ನಿಂಗ್ ಅಂದರೆ ಬಂತು ಎಂದರ್ಥ

ನನ್ನ ತಮ್ಮ ಗೋಪಿನಾಥ ಇನ್ನಿಲ್ಲವೆಂದು ನಮಗೆ ತಿಳಿದದ್ದು ಜನವರಿಯ ಒಂದು ಮಂಗಳವಾರ, ಸಂಜೆ ಐದು ಗಂಟೆಗೆ. ಮರುದಿನ ನಮ್ಮ ತಂದೆಯ ಶ್ರಾದ್ಧ. ನನ್ನ ಹೆಂಡತಿ ರಾಜಲಕ್ಷ್ಮಿ ಅಡಿಗೆಮನೆಯಲ್ಲಿ ಎಳ್ಳು ಆರಿಸುತ್ತಿದ್ದಳು. ಬಾಗಿಲು ಬಡಿದ ಸದ್ದಾಯಿತು.

"ಬಂದ ನೋಡಿ ನಿಮ್ಮ ತಮ್ಮ," ಎಂದಳು.

ತೆರೆದರೆ ಪೊಲೀಸ್ ಅಧಿಕಾರಿಯೊಬ್ಬರು ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಟೋಪಿಯ ಅಂಚಿನಲ್ಲಿ ಮಂಜುಗಡ್ಡೆ ಕಟ್ಟಿತ್ತು. ಊರ ಹೊರಗಿನ ಸೇತುವೆಯ ಮೇಲೆ ಗೋಪಿನಾಥನ ಕಾರು ಜಾರಿ ತಡೆಗೋಡೆಗೆ ಬಡಿದಿತ್ತು.

ನಾವಿರುವುದು ನಾರ್ತ್ ಕ್ಯಾರೋಲಿನಾದ ವಿಲ್ಮಿಂಗ್ಟನ್. ಕಡಲ ತೀರದ ಊರು. ನಾನು ವೈದ್ಯನಾಗಿ ಇಲ್ಲಿಗೆ ಬಂದು ನಲವತ್ತೈದು ವರ್ಷ. ಚಂಡಮಾರುತದ ಭಯ ನಮಗೆ ಗೊತ್ತು, ಮಂಜುಗಡ್ಡೆಯ ಭಯ ಗೊತ್ತಿರಲಿಲ್ಲ. ತಮ್ಮ ಕ್ಯಾರಿಯಲ್ಲಿ ಮಗನ ಮನೆಯಲ್ಲಿದ್ದ. ಎರಡು ಗಂಟೆಯ ದಾರಿ.

ಅಂದು ಮಧ್ಯಾಹ್ನ ಅವನು ಫೋನ್ ಮಾಡಿದ್ದ. "ಅಣ್ಣಾ, ಹವಾಮಾನದೋರು ವಿಂಟರ್ ಸ್ಟಾರ್ಮ್ ವಾರ್ನಿಂಗ್ ಹಾಕಿದಾರೆ. ಏನು ಮಾಡಲಿ?"

"ನಿನ್ನೆ ವಾಚ್ ಅಂದಿದ್ರು, ಇವತ್ತು ಬರೀ ವಾರ್ನಿಂಗಿಗೆ ಇಳಿದಿದೆ ಕಣೋ. ಪೊಲೀಸರು ವಾರ್ನಿಂಗ್ ಕೊಟ್ಟು ಬಿಟ್ಟುಬಿಡಲ್ವೇ? ಹಾಗೇ ಇದೂ. ಅಪ್ಪನ ತಿಥಿ ತಪ್ಪಬಾರದು, ಹೊರಡು," ಎಂದೆ ನಾನು.

ಅವನು ನಕ್ಕ. "ಡಾಕ್ಟರ ಮಾತು ಮೀರೋಕಾಗುತ್ಯೇ? ಹೊರಟೆ," ಎಂದ.

ಅವನ ಸಾವಿನ ಸೂತಕ ಬಂದು, ಯಾವ ತಿಥಿಗಾಗಿ ಅವನನ್ನು ಕರೆದೆನೋ ಆ ಶ್ರಾದ್ಧವೇ ಮರುದಿನ ನಡೆಯಲಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ತಮ್ಮನ ಸೊಸೆ ಹರಿಣಿ ನನ್ನ ಪಕ್ಕ ಕುಳಿತಳು. ಡರ್ಹಮ್‌ನ ಆಸ್ಪತ್ರೆಯೊಂದರಲ್ಲಿ ಅವಳು ನರ್ಸ್. ನನ್ನನ್ನು ಒಂದು ಮಾತೂ ದೂರಲಿಲ್ಲ. ಮೆಲ್ಲಗೆ ತಿಳಿಸಿ ಹೇಳಿದಳು: "ದೊಡ್ಡಮಾವ, ವಾಚ್ ಅಂದ್ರೆ ಬಿರುಗಾಳಿ ಬರಬಹುದು, ಸಾಮಾನು ಜೋಡಿಸ್ಕೊಳ್ಳಿ ಅಂತ. ವಾರ್ನಿಂಗ್ ಅಂದ್ರೆ ಬಂತು, ಮನೆಯೊಳಗಿರಿ ಅಂತ. ವಾರ್ನಿಂಗೇ ದೊಡ್ಡದು."

ನಲವತ್ತೈದು ವರ್ಷ ಈ ದೇಶದಲ್ಲಿ ಬಾಳಿ ನಾನು ಒಂದು ಪದವನ್ನು ತಲೆಕೆಳಗಾಗಿ ತಿಳಿದಿದ್ದೆ.

ವರ್ಷ ಕಳೆಯಿತು. ಗೋಪಿನಾಥನ ಮೊದಲ ವರ್ಷದ ತಿಥಿ ಬಂತು. ಅದರ ಹಿಂದಿನ ದಿನವೇ ಫೋನಿನಲ್ಲಿ ಮತ್ತೆ ಅದೇ ವಾರ್ನಿಂಗ್. ಬೆನ್ನಲ್ಲೇ ಅವನ ಮಗ ರವಿಶಂಕರ್ ವಿಡಿಯೋ ಕಾಲ್ ಮಾಡಿದ.

"ದೊಡ್ಡಪ್ಪ, ಮೂರು ಗಂಟೆಗೆ ಹೊರಡ್ತೀವಿ. ಅಪ್ಪನ ಪಿಂಡ ಸಮುದ್ರಕ್ಕೇ ಬಿಡಬೇಕು."

"ಬೇಡ ರವಿ. ಬರಬೇಡ."

"ನಂದು ಫೋರ್ ವೀಲ್ ಡ್ರೈವ್, ದೊಡ್ಡಪ್ಪ. ಏನೂ ಆಗಲ್ಲ."

ಹಿಂದಿನಿಂದ ಹರಿಣಿಯ ದನಿ ಕೇಳಿತು: "ಆ ಕಾರು ತಗೊಂಡಾಗಿಂದ ಇದೇ ರಾಗ. ನೀವಾದ್ರೂ ಹೇಳಿ, ದೊಡ್ಡಮಾವ."

"ಗಾಜಿನಂಥ ಮಂಜುಗಡ್ಡೆ ಮೇಲೆ ನಾಲ್ಕು ಚಕ್ರವೂ ಒಟ್ಟಿಗೇ ಜಾರುತ್ತವೆ ಕಣಪ್ಪ," ಎಂದೆ. "ನೆಲದ ಮೇಲಿನ ರಸ್ತೆಗೆ ಕೆಳಗಿನಿಂದ ಒಂದಿಷ್ಟು ಶಾಖ ಇರುತ್ತೆ. ಸೇತುವೆಗೆ ಕೆಳಗೂ ಗಾಳಿ, ಮೇಲೂ ಗಾಳಿ. ಅದೇ ಮೊದಲು ಹೆಪ್ಪುಗಟ್ಟೋದು. ನಮ್ಮ ಊರಿಗೆ ಸೇತುವೆ ದಾಟದೆ ಬರೋಕಾಗುತ್ತಾ?"

"ತಿಥಿ ತಪ್ಪುತ್ತಲ್ಲ, ದೊಡ್ಡಪ್ಪ!"

ಆ ಮಾತು ನನ್ನದೇ.

"ಹೋದ ವರ್ಷ ನಿನ್ನ ತಾತನ ಶ್ರಾದ್ಧ ಸೂತಕ ಕಳೆದ ಮೇಲೆ ಮಾಡಿದೆವು. ಶಾಸ್ತ್ರವೇ ಒಪ್ಪಿತು. ತಿಥಿ ತಪ್ಪಿದರೆ ಅಮಾವಾಸ್ಯೆ ಇದೆ. ನೀನು ತಪ್ಪಿದರೆ ಸುರಭಿಗೆ ಯಾರಿದಾರೆ? ನಿಮ್ಮಪ್ಪನನ್ನ ಹೊರಡು ಅಂದವನು ನಾನು ಕಣೋ. ನಿನ್ನ ಬಾಯಲ್ಲಿ ಹೂಂ ಅಂತ ಕೇಳೋವರೆಗೆ ಈ ಫೋನ್ ಇಡಲ್ಲ."

ನಾಲ್ಕು ವರ್ಷದ ಸುರಭಿ ಮುಖ ತೂರಿಸಿ, "ತಾತ, ಸ್ನೋ ಬರತ್ತಾ?" ಎಂದಳು. ರವಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. "ಹೂಂ, ದೊಡ್ಡಪ್ಪ. ಇಲ್ಲೇ ಮಾಡ್ತೀನಿ," ಎಂದ.

"ನಿಮ್ಮ ಮಾತ್ರೆ, ಕುಡಿಯೋ ನೀರು, ಟಾರ್ಚು ಇದೆಯಾ? ಫೋನ್ ಚಾರ್ಜ್ ಮಾಡಿಟ್ಟಿರಿ," ಎಂದಳು ಹರಿಣಿ. "ಕರೆಂಟ್ ಹೋದ್ರೆ ಇದ್ದಿಲು ಒಲೆಯನ್ನ ಮನೆಯೊಳಗೆ, ಗರಾಜಿನಲ್ಲಿ ಹಚ್ಚಬೇಡಿ. ಅದರ ವಿಷಗಾಳಿಗೆ ವಾಸನೆಯೇ ಇಲ್ಲ. ಅಲೆ ನೋಡೋಕೆ ಅಂತ ದಡಕ್ಕೂ ಹೋಗಬೇಡಿ."

ಬೆಳಗಾಗುವ ಹೊತ್ತಿಗೆ ಅದು ಬಂದಿತ್ತು. ಮಳೆ ನೀರಾಗಿಯೇ ಬೀಳುತ್ತಿತ್ತು, ಮುಟ್ಟಿದ್ದೆಲ್ಲ ಗಾಜಾಗುತ್ತಿತ್ತು. ಪೈನ್ ಮರದ ಒಂದೊಂದು ಸೂಜಿಗೂ ಗಾಜಿನ ಒರೆ. ಕೊಂಬೆಗಳು ಕೋವಿ ಹಾರಿಸಿದಂತೆ ಸಿಡಿಯುತ್ತಿದ್ದವು. ದೂರದಲ್ಲಿ ಸಮುದ್ರದಿಂದ ಬಿಳಿಯ ಹೊಗೆ ಏಳುತ್ತಿತ್ತು. ಕಡಲೇ ಉಸಿರು ಬಿಡುವಂತೆ ಕಂಡಿತು. ಎಪ್ಪತ್ತು ವರ್ಷ ಸಂಧ್ಯಾವಂದನೆಗೆ ಬೊಗಸೆಯಲ್ಲಿ ನೀರು ಹಿಡಿದವನು ನಾನು. ಅದೇ ನೀರಿಗೆ ಇಂಥ ರೂಪವೂ ಉಂಟೆಂದು ಕಿಟಕಿಯ ಒಳಗೆ ನಿಂತು ನೋಡಿದೆ. ತಾನಾಗಿ ಕೈ ಮುಗಿಯಿತು. ಇದರ ಎದುರು ಗಾಡಿ ಓಡಿಸುವುದು ಧೈರ್ಯವೂ ಅಲ್ಲ, ಭಕ್ತಿಯೂ ಅಲ್ಲ.

ಹತ್ತು ಗಂಟೆಗೆ ಸೇತುವೆ ಮುಚ್ಚಿದರೆಂದು ಸುದ್ದಿ ಬಂತು. ಅದೇ ಹೊತ್ತಿಗೆ ಕ್ಯಾರಿಯಲ್ಲಿ ರವಿ ತನ್ನ ಮನೆಯಲ್ಲೇ ಪುರೋಹಿತರ ಮಂತ್ರವನ್ನು ಫೋನಿನಲ್ಲಿ ಕೇಳುತ್ತ ತಂದೆಗೆ ತಿಲೋದಕ ಬಿಟ್ಟ. ಪಿಂಡವನ್ನು ಕಾಗೆಗಳಿಗೆಂದು ಹಿತ್ತಿಲಲ್ಲಿ ಇಟ್ಟ.

"ತಾತ, ಕ್ರೋ ಬಂತು! ಎರಡು ಬಂತು!" ಎಂದು ಸುರಭಿ ಕೂಗಿದ್ದು ಫೋನಿನಲ್ಲಿ ನನಗೆ ಇಲ್ಲಿಗೆ ಕೇಳಿಸಿತು.

ಓದುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ವಾಚ್ ಎಂದಾಗ ಸಿದ್ಧರಾಗಿ. ವಾರ್ನಿಂಗ್ ಎಂದಾಗ ಮನೆ ಬಿಡಬೇಡಿ. ಪೂಜೆಯಿರಲಿ, ಮದುವೆಯಿರಲಿ, ಶ್ರಾದ್ಧವೇ ಇರಲಿ, ಕರೆದವರೇ ಫೋನ್ ಮಾಡಿ "ಬರಬೇಡಿ" ಎನ್ನಿ. ಆ ಮಾತನ್ನು ಹಿರಿಯರೇ ಮೊದಲು ಆಡಬೇಕು. ಕಿರಿಯರು ಸಂಕೋಚಪಡುತ್ತಾರೆ.

ನಾರಾಯಣಾ, ದಾರಿಯಲ್ಲಿರುವ ಎಲ್ಲರನ್ನೂ ಮನೆ ಸೇರಿಸು. ನನ್ನ ತಮ್ಮ ಗೋಪಿನಾಥ ಆ ದಿನ ಚಳಿಯಲ್ಲಿ ಒಬ್ಬನೇ ಇದ್ದ. ಅವನನ್ನು ನಿನ್ನ ಪಾದದ ಬಳಿ ಬೆಚ್ಚಗಿಡು. ಅವನ ಆತ್ಮಕ್ಕೆ ಶಾಂತಿ ಕೊಡು.