ಕತ್ತಿ ಕೆಳಗಿಟ್ಟ ಪುಟ

ನಾನು ಒಂದು ಕಾದಂಬರಿ. ಹೆಸರು ‘ಕೆಂಜೆಡೆ ಮಾಟಗಾತಿ’. ನಗಬೇಡಿ, ಹೆಸರಿಟ್ಟವನು ನಾನಲ್ಲ. ಹೀರೋ ಹುಟ್ಟುವಾಗ ಗುಡುಗು ಮಿಂಚು ಇರುತ್ತದಂತೆ. ನಾನು ಹುಟ್ಟುವಾಗ ಪ್ರೆಸ್ಸಿನಲ್ಲಿ ಕರೆಂಟು ಹೋಗಿತ್ತು. ಬಂದ ಮೇಲೆ ಬೆನ್ನಿಗೆ ಬಿಸಿ ಗೋಂದು ಮೆತ್ತಿ, ಬಣ್ಣದ ರಟ್ಟು ಹೊದಿಸಿ, ಮೂರು ಕಡೆ ಕತ್ತರಿಸಿ ಹೊರಗೆಸೆದರು. ಅದೇ ನನ್ನ ಎಂಟ್ರಿ ಸೀನು.

ರಟ್ಟಿನ ಮೇಲೆ ಕೆಂಪು ಕೂದಲಿನ ಹುಡುಗಿ, ಅವಳ ಕೊರಳಿಗೆ ಕತ್ತಿ ಹಿಡಿದ ಗಡ್ಡದ ಗಂಡು. ಕತ್ತಿ ಕೊರಳ ಮೇಲೆ, ಕಣ್ಣು ತುಟಿಯ ಮೇಲೆ. ನನ್ನ ಕಥೆಯೂ ಅಷ್ಟೇ. ಅವಳು ಅಗ್ನಿಕಾ, ಕಾಡಿನ ಮಾಟಗಾತಿ. ಅವನು ರುದ್ರಸೇನ, ಮಾಟಗಾತಿಯರನ್ನು ಬೇಟೆಯಾಡಲು ರಾಜ ಕಳಿಸಿದ ಆಳು. ಮೊದಲರ್ಧದಲ್ಲಿ ಒಬ್ಬರನ್ನೊಬ್ಬರು ಕೊಲ್ಲಲು ನೋಡುತ್ತಾರೆ, ಉಳಿದರ್ಧದಲ್ಲಿ ಒಬ್ಬರಿಗಾಗಿ ಒಬ್ಬರು ಸಾಯಲು ನೋಡುತ್ತಾರೆ. ನಡುವೆ ಇಂಟರ್‌ವಲ್.

ಕಲಬುರಗಿ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಔಷಧಿ ಕಂಪನಿಯವನೊಬ್ಬ ನನ್ನನ್ನು ದೆವ್ವದ ಕಥೆ ಎಂದು ಕೊಂಡ. ದೆವ್ವದ ಬದಲು ಪ್ರೀತಿ ಬರುತ್ತಲೇ ಬೇಸರವಾಗಿ ಸಿಟಿ ಬಸ್ಸಿನ ಸೀಟಿನಲ್ಲೇ ಬಿಟ್ಟು ಇಳಿದ. ಆ ಸೀಟಿಗೆ ಬಂದು ಕೂತವಳು ಜಗದೇವಿ. ಬಸಲಿಂಗಮ್ಮನ ರೊಟ್ಟಿ ಕೇಂದ್ರದಲ್ಲಿ ಖಡಕ್ ರೊಟ್ಟಿ ಪ್ಯಾಕ್ ಮಾಡುವ ಹುಡುಗಿ. ಡಿಗ್ರಿ ಅರ್ಧಕ್ಕೆ ಬಿಟ್ಟವಳು, ಕನಸು ಬಿಡದವಳು.

ಕೇಂದ್ರದಲ್ಲಿ ಉಳಿದವರ ಕೈಯೆಲ್ಲ ಹಿಟ್ಟು. ಜಗದೇವಿಯ ಕೈ ಮಾತ್ರ ಒಣ. ಹಾಗಾಗಿ ಓದುವ ಕೆಲಸವೂ ಅವಳದೇ ಆಯಿತು.

“ಓದು ಬೇ. ಆದ್ರ ಯಾರದಾರಾ ಬಡಿಯೋ ಕೈ ನಿಂತ್ರ ಪಗಾರ ಕಡೀತೀನಿ,” ಎಂದಳು ಬಸಲಿಂಗಮ್ಮ.

ಜಗದೇವಿ ನಾಟಕದವಳ ಹಾಗೆ ದನಿ ಬದಲಿಸಿ ಓದಿದಳು: “‘ನಿನ್ನ ತಲೆ ತರುತ್ತೇನೆಂದು ರಾಜನಿಗೆ ಮಾತು ಕೊಟ್ಟಿದ್ದೇನೆ.’ ಅಗ್ನಿಕಾ ನಕ್ಕಳು. ‘ತಗೊಂಡು ಹೋಗು. ಹುಷಾರು, ಅದರ ತುಂಬ ನೀನೇ ಇದ್ದೀಯ.’”

ರೊಟ್ಟಿ ಬಡಿಯುವ ಸದ್ದು ಒಮ್ಮೆಲೇ ನಿಂತಿತು. ಹೆಂಚಿನ ಮೇಲೆ ಏನೋ ಕರಟಿತು.

“ಸುಡ್ಲಿ ಬಿಡು ರೊಟ್ಟಿ,” ಎಂದಳು ಬಸಲಿಂಗಮ್ಮನೇ. “ಮುಂದ ಓದು.”

ಈ ಹೆಂಗಸರಿಗೆ ನನ್ನಲ್ಲಿ ಏನು ಹಿಡಿಸಿತೆಂದು ನನಗೆ ಬಹಳ ದಿನ ತಿಳಿಯಲಿಲ್ಲ. ಕೊನೆಗೆ ಬಸಲಿಂಗಮ್ಮನೇ ಹೇಳಿದಳು. “ನಮ್ಮನಿಯವ್ರು ಲಗ್ನದ ಫೋಟೋದಾಗೂ ನನ್ನ ಕಡಿ ನೋಡಿಲ್ಲ. ಈ ಮೂಳ ಕತ್ತಿ ಹಿಡಕೊಂಡಾದ್ರೂ ಆಕಿನ್ನೇ ನೋಡಲಕತ್ತಾನ!”

ಎಲ್ಲರೂ ನಕ್ಕರು, ತುಳಜಮ್ಮ ಒಬ್ಬಳನ್ನು ಬಿಟ್ಟು. ಮೂಲೆಯ ಒಲೆ ಅವಳದು. ಬಾಯಿಗೆ ಸದಾ ಸೆರಗು. ಬಸ್ಸಿನಿಂದ ಬಿದ್ದು ಮುಂದಿನ ಹಲ್ಲು ಹೋದವೆಂದು ಎಲ್ಲರಿಗೂ ಗೊತ್ತಿತ್ತು. ಅವಳೇ ಹೇಳಿದ್ದಳು.

ಅದೇ ಹೊತ್ತಿಗೆ ಜಗದೇವಿಗೆ ಒಂದು ಸಂಬಂಧ ಬಂತು. ಹುಡುಗ ಚನ್ನವೀರ, ಮೋಟಾರ್ ರಿವೈಂಡಿಂಗ್ ಅಂಗಡಿ. ನೋಡಲು ಸಿನಿಮಾದವನ ಹಾಗೆ. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಯಾವಾಗಲೂ ಒಂದು ಇಕ್ಕಳ. ಹೆಣ್ಣು ನೋಡಲು ಬಂದ ದಿನ ಜಗದೇವಿ ಮಾವನ ಮಗನ ಕರೆ ಬಂದಾಗ ನಕ್ಕು ಮಾತಾಡಿದಳೆಂದು ಅವಳ ಫೋನು ಕಸಿದು ಗೋಡೆಗೆ ಎಸೆದ. ಆಮೇಲೆ ಕಣ್ಣಲ್ಲಿ ನೀರು ತುಂಬಿಕೊಂಡು ಹೊಸದನ್ನೂ ಕೊಡಿಸಿದ.

“ರುದ್ರಸೇನನೇ ನೋಡ್ರಿ,” ಎಂದು ಜಗದೇವಿ ಕೇಂದ್ರದಲ್ಲಿ ಹೇಳಿಕೊಂಡಳು. “ಮೊದಲ ಸಿಟ್ಟು, ಆಮ್ಯಾಗ ಪ್ರೀತಿ.” ಸೋಮವಾರ ಹೂಂ ಅಥವಾ ಊಹೂಂ ಹೇಳು ಎಂದು ಅಪ್ಪ ಅವಳಿಗೇ ಬಿಟ್ಟಿದ್ದ. ಅವಳ ಹೂಂ ತುಟಿಯ ಮೇಲೇ ಇತ್ತು.

ಅಂದು ಮುತ್ತಿನ ಅಧ್ಯಾಯ. ಓದಿ ಮುಗಿಸಿದಾಗ ಎಲ್ಲರ ಕೆನ್ನೆಯೂ ಹೆಂಚಾಗಿತ್ತು. ಮೂಲೆಯಿಂದ ತುಳಜಮ್ಮ ಕೇಳಿದಳು:

“ಮುತ್ತು ಕೊಡೋವಾಗ ಆ ಕತ್ತಿ ಎಲ್ಲದ?”

“ಅಯ್ಯ ಯವ್ವಾ, ಇಂಥಾ ಹೊತ್ತಿನ್ಯಾಗ ಕತ್ತಿ ಯಾರ್ ನೋಡ್ತಾರ?” ಬಸಲಿಂಗಮ್ಮ ಹೊಟ್ಟೆ ಹಿಡಿದು ನಕ್ಕಳು.

“ನಾ ನೋಡ್ತೀನಿ. ಹುಡುಕು.”

ಜಗದೇವಿ ಒಂದು ಪುಟ ಹಿಂದೆ ಹೋದಳು. ಅಲ್ಲಿತ್ತು. ಎಲ್ಲರೂ ಹಾರಿಸಿಕೊಂಡು ಹೋಗುವ ಸಾಲು: ‘ರುದ್ರಸೇನ ಮಂಡಿಯೂರಿ ಕತ್ತಿಯನ್ನು ಕೆಳಗಿಟ್ಟ. ಆಮೇಲೂ ಬಹಳ ಹೊತ್ತು ಅವಳ ಹತ್ತಿರ ಬರಲಿಲ್ಲ.’

“ಇನ್ನೊಮ್ಮಿ ಓದು,” ಎಂದಳು ತುಳಜಮ್ಮ. ಓದಿದ ಮೇಲೆ ಕೇಳಿದಳು, “ನಿನ್ನ ಚನ್ನವೀರ ಏನ್ ಕೆಳಗಿಟ್ಟಾನ?”

ಜಗದೇವಿಗೆ ಉರಿದುಹೋಯಿತು. “ನಿಂಗೇನ್ ಗೊತ್ತಬೇ ಪ್ರೀತಿ?”

ತುಳಜಮ್ಮ ಸೆರಗು ಇಳಿಸಿದಳು. ಮೇಲೂ ಕೆಳಗೂ ಮುಂದಿನ ಹಲ್ಲು ಒಂದೂ ಇರಲಿಲ್ಲ.

“ಬಸ್ಸಿನಿಂದ ಬಿದ್ದಿಲ್ಲ ನಾ. ಬಾನಾಮತಿ ಮಾಟ ಮಾಡ್ತೀನಂತ ಊರಾಗ ಕಿತ್ತಾರ. ಹಲ್ಲಿಲ್ಲಾಂದ್ರ ಬಾಯಾಗ ಮಂತ್ರ ನಿಲ್ಲಂಗಿಲ್ಲಂತ. ನನ್ನ ಗಂಡ ತಲಿ ಹಿಡಕೊಂಡಿದ್ದ. ಮೆತ್ತಗೇ ಹಿಡದಿದ್ದ, ಸುಳ್ಳ್ಯಾಕ ಹೇಳ್ಲಿ. ನಾ ಅವನ ಮುಖಾನೇ ನೋಡಲಕತ್ತಿದ್ದೆ. ಮುಖದಾಗ ಪ್ರೀತಿನೇ ಇತ್ತು.” ಅವಳು ಸೆರಗು ಮತ್ತೆ ಎಳೆದುಕೊಂಡಳು. “ಮುಖ ನೋಡಬ್ಯಾಡ ತಂಗಿ. ಕೈ ನೋಡು.”

ಜಗದೇವಿ ನನ್ನನ್ನು ಮುಚ್ಚಿಟ್ಟಳು. ಆದರೂ ಸೋಮವಾರ ಜಗದೇವಿ ಹೂಂ ಎಂದಳು. “ಎಲ್ಲಾರೂ ಆಕಿ ಗಂಡನಂಗ ಇರಲ್ಲ,” ಎಂದಳು. ತಪ್ಪೇನು? ನನ್ನ ಒಂದೊಂದು ಪುಟವೂ ಅವಳಿಗೆ ಅದನ್ನೇ ಹೇಳಿತ್ತು.

ಮದುವೆಯ ಟ್ರಂಕಿನಲ್ಲಿ ಸೀರೆಗಳ ಅಡಿಯಲ್ಲಿ ಮಲಗಿ ನಾನೂ ಗಂಡನ ಊರಿಗೆ ಹೋದೆ. ಕತ್ತಲಲ್ಲಿ ಕಿವಿ ಚುರುಕು. ಒಂದು ದಿನ ಮಲ್ಲಿಗೆ ತಂದ ಸದ್ದು, ಒಂದು ದಿನ ಕೆನ್ನೆಗೆ ಬಿದ್ದ ಸದ್ದು, ಮರುದಿನ ಅವನು ಅಳುವ ಸದ್ದು. ಜಗದೇವಿ ಇಂಟರ್‌ವಲ್ಲಿಗೆ ಕಾಯುತ್ತಿದ್ದಳು.

ಅಷ್ಟರಲ್ಲಿ ಮನೆಯ ಎಮ್ಮೆ ಹಾಲು ಕೊಡುವುದನ್ನು ಬಿಟ್ಟಿತು. ಅತ್ತೆಗೆ ಹೊಟ್ಟೆನೋವು ಹತ್ತಿತು. ಚನ್ನವೀರ ಸುತ್ತಿಕೊಟ್ಟ ಮೋಟಾರುಗಳು ಒಂದರ ಹಿಂದೊಂದು ಸುಟ್ಟು ವಾಪಸ್ಸು ಬಂದವು. ಸೊಸೆ ಕಾಲಿಟ್ಟ ಮೇಲೆಯೇ ಇದೆಲ್ಲ ಎಂದು ಅತ್ತೆ ಒಂದು ಮಧ್ಯಾಹ್ನ ಟ್ರಂಕು ತೆಗೆಸಿದಳು. ಮಾಟದ ನಿಂಬೆಹಣ್ಣು ಹುಡುಕಿದರು. ಸಿಕ್ಕಿದ್ದು ನಾನು.

ರಟ್ಟು ನೋಡಿದ ಅತ್ತೆ ಚೀರಿದಳು. ಅವಳಿಗೆ ಓದು ಬರದು. ಚನ್ನವೀರನ ಕಾಕಾ ಬಂದು ಒಂದೊಂದೇ ಅಕ್ಷರ ಕೂಡಿಸಿ ಓದಿದ. ಅವನ ಹಾಳು ಬೆರಳು ಹೋಗಿ ಬಿದ್ದದ್ದು ವಶೀಕರಣದ ಕಷಾಯದ ಪುಟದ ಮೇಲೆ. ತೋಳದ ಕೂದಲು, ಬೆಳದಿಂಗಳಲ್ಲಿ ಹಿಡಿದ ಇಬ್ಬನಿ, ಕಪ್ಪೆಯ ಕಣ್ಣೀರು. ಎಲ್ಲ ನನ್ನ ಲೇಖಕಿ ಚಹಾ ಕುಡಿಯುತ್ತ ಹೊಸೆದ ಸುಳ್ಳು.

ಜಗದೇವಿಗೆ ನಗುವೇ ಬಂತು. “ಕಾಕಾ, ಅದು ಕತಿ ಪುಸ್ತಕ ರೀ. ಬಸ್‌ಸ್ಟ್ಯಾಂಡಿನ್ಯಾಗ ಮಾರ್ತಾರ.”

“ಬಸ್‌ಸ್ಟ್ಯಾಂಡಿನ್ಯಾಗ?” ಕಾಕಾನ ಮುಖ ಬಿಳಿಚಿತು. “ಅಂದ್ರ ಇನ್ನಾ ಎಷ್ಟ್ ಮಂದಿ ಕಲತಿರಬೇಕು!”

ಇದು ಕಾಮಿಡಿ ಸೀನು ಎಂದುಕೊಂಡೆ. ಅಂಗಳದಲ್ಲಿ ಮಂದಿ ತುಂಬುವವರೆಗೂ ಹಾಗೇ ಅಂದುಕೊಂಡಿದ್ದೆ. ಮಾಡಿದ ಮಾಟ ಬಿಡಿಸಲು ಮಂತ್ರ ತಿರುಗಿಸಿ ಓದು ಎಂದು ನನ್ನನ್ನು ಅವಳ ಕೈಗೆ ತುರುಕಿದರು. ಆ ಹೊತ್ತಿಗೆ ಅಂಗಡಿಯಿಂದ ಚನ್ನವೀರ ಬಂದ. ಜಗದೇವಿ ಅವನ ಮುಖ ನೋಡಿದಳು. ಅವನ ಕಣ್ಣು ತುಂಬಿತ್ತು. ಆಣೆ ಮಾಡಿ ಹೇಳುತ್ತೇನೆ, ನನ್ನ ರಟ್ಟಿನ ಮೇಲಿನ ಗಂಡೂ ಅಷ್ಟು ಚೆನ್ನಾಗಿ ನೋಡುವುದಿಲ್ಲ. ಅವಳ ಉಸಿರು ಸಡಿಲವಾದದ್ದು ನನಗೆ ಗೊತ್ತಾಯಿತು.

ಆಮೇಲೆ ಅವಳು ಕಣ್ಣಿಳಿಸಿ ಅವನ ಕೈ ನೋಡಿದಳು.

ಆ ಕೈ ಹಿಂದಿನ ಜೇಬಿಗೆ ಹೋಯಿತು. ಇಕ್ಕಳ ಹೊರಗೆ ಬಂತು. ಅವನು ಅದನ್ನು ಕೆಳಗಿಡಲಿಲ್ಲ, ಕಾಕಾನ ಕೈಗೆ ಕೊಟ್ಟ. ಖಾಲಿಯಾದ ಎರಡೂ ಕೈ ಚಾಚಿ ಅವಳ ತಲೆಯ ಕಡೆಗೆ ಬಂದ.

“ಅಂಜಬ್ಯಾಡ ಜಗ್ಗಿ. ನಾ ಹಿಡಕೋತೀನಿ.”

ಮೆತ್ತಗೆ ಬಂದ ಆ ಕೈಯನ್ನು ಅವಳು ಕಚ್ಚಿದಳು. ಹಲ್ಲು ಇನ್ನೂ ಅವಳವೇ ಆಗಿದ್ದವು.

ಅವನು ಕೂಗಿ ಕೈ ಎಳೆದುಕೊಂಡ. ಕಾಕಾ ಇಕ್ಕಳ ಬೀಸಿದ. ಅವಳ ಮುಂದಿನ ಹಲ್ಲೊಂದು ಮುರಿದು ನನ್ನ ಮೇಲೆ ಬಿತ್ತು, ಜೊತೆಗೆ ರಕ್ತ. ಇನ್ನೊಂದು ಕೈಯಿಂದ ಕಾಕಾ ನನ್ನನ್ನು ಎಳೆದ. ಅವನಿಗೆ ಸಿಕ್ಕಿದ್ದು ರಟ್ಟು ಮಾತ್ರ. ಉಳಿದ ನಾನು ಅವಳ ಮುಷ್ಟಿಯಲ್ಲಿದ್ದೆ. ಅವಳು ಹಿತ್ತಿಲು ಹಾದು ಬರಿಗಾಲಲ್ಲಿ ಡಾಂಬರು ರಸ್ತೆಗೆ ಓಡಿ, ಬಂದ ಮೊದಲ ಟಂಟಂ ಆಟೋ ಹತ್ತಿದಳು. ಹಾರಿ ಬಂದು ಕಾಪಾಡುವ ಹೀರೋ ಯಾರೂ ಇರಲಿಲ್ಲ.

ಈಗ ಅವಳು ಮತ್ತೆ ರೊಟ್ಟಿ ಕೇಂದ್ರದಲ್ಲಿದ್ದಾಳೆ. ಕೇಸು ನಡೆಯುತ್ತಿದೆ, ನಡೆಯುತ್ತಲೇ ಇದೆ. ನಾನು ಹಿಟ್ಟಿನ ಚೀಲಗಳ ಮೇಲಿನ ಹಲಗೆಯಲ್ಲಿದ್ದೇನೆ. ರಟ್ಟಿಲ್ಲ, ಹೆಸರಿಲ್ಲ, ಮೊದಲ ಪುಟ ಕಂದು ಬಣ್ಣಕ್ಕೆ ತಿರುಗಿದೆ. ಜಗದೇವಿಯ ಬಾಯಿಗೂ ಈಗ ಸೆರಗು. ಬಹಳ ದಿನ ಅವಳು ನನ್ನ ಕಡೆ ನೋಡಲಿಲ್ಲ. ನನ್ನನ್ನು ಒಲೆಗೆ ಹಾಕಿದ್ದರೂ ನಾನು ಏನೂ ಅನ್ನುತ್ತಿರಲಿಲ್ಲ.

ಒಂದು ದಿನ ತುಳಜಮ್ಮನೇ ಕೈ ತೊಳೆದುಕೊಂಡು ಬಂದು ನನ್ನನ್ನು ಇಳಿಸಿ ಅವಳ ಮಡಿಲಿಗೆ ಹಾಕಿದಳು.

“ಓದು.”

“ಸುಳ್ಳದ ಯವ್ವಾ ಅದು.”

“ಗೊತ್ತದ. ಅದಕ್ಕೇ ಓದು ಅನ್ಲಕತ್ತೀನಿ. ಖರೇದ್ದು ಬೇಕಂದ್ರ ನಾವಿಬ್ಬರೂ ಇದ್ದೇವಲ್ಲ.”

ಬಸಲಿಂಗಮ್ಮ ಈ ಸಲ ಪಗಾರದ ಮಾತೆತ್ತಲಿಲ್ಲ. ಯಾವ ಪುಟ ಎಂದು ಜಗದೇವಿಯೂ ಕೇಳಲಿಲ್ಲ. ತೆರೆದಾಗ ಗೋಂದು ಬಿಟ್ಟಿದ್ದ ಆ ಪುಟ ತಾನಾಗಿಯೇ ಕಳಚಿ ಕೈಗೆ ಬಂತು. ‘ರುದ್ರಸೇನ ಮಂಡಿಯೂರಿ ಕತ್ತಿಯನ್ನು ಕೆಳಗಿಟ್ಟ.’ ರೊಟ್ಟಿ ಬಡಿಯುವ ಸದ್ದು ನಿಂತಿತು. ಓದುವಾಗ ಸೆರಗು ಜಾರಿತು. ಅವಳು ಎಳೆದುಕೊಳ್ಳಲಿಲ್ಲ.

ಎಷ್ಟು ಸಲ ಓದಿದರೂ ಅವನು ಕೆಳಗಿಡುತ್ತಾನೆ. ನನ್ನಿಂದ ಆಗುವುದು ಅಷ್ಟೇ. ಹೊರಗಿನ ಒಂದು ಕೈಯನ್ನೂ ನಾನು ಖಾಲಿ ಮಾಡಿಸಲಾರೆ.

ಓದಾದ ಮೇಲೆ ತುಳಜಮ್ಮ ಬೆರಳ ತುದಿಯಲ್ಲಿ ಕಲಸಿದ ಜೋಳದ ಹಿಟ್ಟು ತಗೊಂಡು ಆ ಪುಟವನ್ನು ನನ್ನ ಬೆನ್ನಿಗೆ ಅಂಟಿಸಿ, ಒಲೆಯ ಪಕ್ಕ ಒಣಗಲು ಇಟ್ಟಳು. ಉಳಿದ ಪುಟಗಳು ಒಂದೊಂದಾಗಿ ಉದುರುತ್ತಿವೆ. ಅದೊಂದು ಹಿಡಿದುಕೊಂಡಿದೆ. ಹಿಟ್ಟು ಒಣಗಿ ಖಡಕ್ ಆಗಿದೆ.